ಫ್ರೀಜರ್‌ನಲ್ಲಿ ಹಾಡು

ಹಾಡು ತುಂಬಿದ ಹಾರ್ಡ್ ಡಿಸ್ಕ್ ‘ಟಕ್ ಟಕ್’ ಅಂದಿದ್ದೇ ತಡ, ಮನೆಯವರೆಲ್ಲ ಡಾಕ್ಟರಾಗುತ್ತಾರೆ. ಒಬ್ಬರು ಕೇಬಲ್ ಕಿತ್ತು, ಉಫ್ ಎಂದು ಊದಿ, ಮತ್ತೆ ಚುಚ್ಚುತ್ತಾರೆ. ಇನ್ನೊಬ್ಬರು ತೆಂಗಿನಕಾಯಲ್ಲಿ ನೀರಿದೆಯೇ ಅಂತ ನೋಡುವ ಹಾಗೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಅಷ್ಟರಲ್ಲಿ ‘ಕಂಪ್ಯೂಟರ್ ಗೊತ್ತಿರೋ’ ಭಾವ ಬರುತ್ತಾರೆ. ಇಂಥ ಭಾವ ಮನೆಗೊಬ್ಬರು ಇದ್ದೇ ಇರುತ್ತಾರೆ.

‘ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ನೋಡಿ!’

ಇಟ್ಟದ್ದೂ ಆಯಿತು, ಬಟಾಣಿ ಪ್ಯಾಕೆಟ್ಟಿನ ಪಕ್ಕದಲ್ಲಿ. ರಾತ್ರಿ ಐಸ್ ತೆಗೆಯಲು ಹೋದವರು ಕಿರುಚಿದ್ದೂ ಆಯಿತು. ಡಿಸ್ಕ್‌ನೊಳಗೆ ಡೇಟಾ ಓದಿ ಬರೆಯುವ ಹೆಡ್ಡು, ತಿರುಗುವ ತಟ್ಟೆಯ ಮೇಲೆ ಕೂದಲೆಳೆಯ ಸಾವಿರದಲ್ಲೊಂದು ಪಾಲೂ ಇಲ್ಲದ ಅಂತರದಲ್ಲಿ ತೇಲುತ್ತಿರುತ್ತದೆ. ಫ್ರೀಜರ್‌ನಿಂದ ತೆಗೆದೊಡನೆ ಅಲ್ಲಿ ತೇವ ಕೂತರೆ ಉಳಿದದ್ದೂ ಹೋಯಿತು. ಟಕ್ ಟಕ್ ಸದ್ದು ಬಂದರೆ ಮಾಡಬೇಕಾದ್ದು ಒಂದೇ: ಪವರ್ ತೆಗೆದು ಸುಮ್ಮನಿರುವುದು. ಡೇಟಾ ಬೇಕೇ ಬೇಕೆಂದರೆ ಕ್ಲೀನ್ ರೂಮ್ (ಧೂಳೇ ಇಲ್ಲದ ಕೋಣೆ) ಇರುವ ಲ್ಯಾಬ್‌ಗೆ ಕೊಡಬೇಕು, ಬಿಲ್ಲು ನೋಡುವಾಗ ಕೂತಿರಬೇಕು. ಸದ್ದಿಲ್ಲದೆ ಬರೀ ರೀಡ್ ಎರರ್ (ಓದಲಾಗುತ್ತಿಲ್ಲ ಎಂಬ ದೂರು) ಬರುತ್ತಿದ್ದರೆ ಡಿಡಿ-ರೆಸ್ಕ್ಯೂ ಎಂಬ ತಂತ್ರಾಂಶದಿಂದ ಮೊದಲು ಇಡೀ ಡಿಸ್ಕಿನ ನಕಲು ತೆಗೆಯಿರಿ, ರಿಪೇರಿಯೆಲ್ಲ ನಕಲಿನ ಮೇಲೆ. ಭಾವ ಮಾತ್ರ ಆ ಹೊತ್ತಿಗೆ ವಿಂಡೋಸ್‌ನದೇ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕ್ ಒತ್ತಿಯಾಗಿರುತ್ತದೆ. ರಿಪೇರಿಗೆ ಬಿಟ್ಟರೆ ಅದು ಸಾಯುತ್ತಿರುವ ಡಿಸ್ಕಿನ ಮೇಲೇ ಬರೆಯುತ್ತದೆ.

‘ಯಾಕೆ ಗಾಬರಿ? ಬ್ಯಾಕಪ್ ಮಾಡಿದ್ದೀನಲ್ಲ, ಇ ಡ್ರೈವ್‌ನಲ್ಲಿ!’

ಡಿ ಮತ್ತು ಇ ಒಂದೇ ಡಿಸ್ಕಿನ ಎರಡು ಪಾಲು ಭಾವಾ! ಮನೆಗೆ ಬೆಂಕಿ ಬಿದ್ದರೆ ಹಾಲ್ ಸುಟ್ಟು ರೂಮ್ ಉಳಿಯುತ್ತದೆಯೇ?

‘ಎಲ್ಲ ಆ್ಯಪ್‌ನಲ್ಲಿ ಸಿಗುತ್ತೆ ಬಿಡಿ’ ಅನ್ನುವವರಿಗೂ ಉತ್ತರ ಕೊಡಬೇಕು. ಸಿನಿಮಾ ಹಾಡು ಸಿಗುತ್ತದೆ. ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಸಂಗೀತ, ನಡುವೆ ಕುಕ್ಕರ್ ಸೀಟಿ, ‘ಶ್, ರೆಕಾರ್ಡಿಂಗ್ ನಡೀತಿದೆ’ ಅನ್ನುವ, ಈಗಿಲ್ಲದ ಅಪ್ಪನ ದನಿ, ಇವು ಯಾವ ಆ್ಯಪ್‌ನಲ್ಲೂ ಇಲ್ಲ. ಡಿಸ್ಕಿಗೆ ತುಂಬಿಸಿ ಆಯಿತೆಂದು ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದ ಮೇಲಂತೂ ಎಲ್ಲಿಯೂ ಇಲ್ಲ.

ಸಿಟ್ಟು ಬರುವುದು ಲೆಕ್ಕ ಹಾಕಿದಾಗ. ಸಿ-60 ಕ್ಯಾಸೆಟ್ಟು ಡಿಜಿಟಲ್ ಆಗಲು ಪೂರ್ತಿ ಒಂದು ಗಂಟೆ ಓಡಲೇಬೇಕು. 300 ಕ್ಯಾಸೆಟ್ಟಿಗೆ 300 ಗಂಟೆ. ದನಿ ಕೆಡಿಸದೆ ಕುಗ್ಗಿಸುವ ಫ್ಲ್ಯಾಕ್ ಫೈಲಿನಲ್ಲಿ ಗಂಟೆಗೆ ಸುಮಾರು 350 ಎಂಬಿ ಹಿಡಿದರೂ ಎಲ್ಲ ಸೇರಿ 105 ಜಿಬಿ. ಇನ್ನೊಂದು ಡಿಸ್ಕಿಗೆ ಕಾಪಿ ಮಾಡಲು ಯುಎಸ್‌ಬಿ 3ರಲ್ಲಿ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಗೆ ನಮ್ಮಲ್ಲಿ ‘ಭಾನುವಾರ ನೋಡೋಣ’ ಎಂದು ಹೆಸರು.

ಕಾಪಿ ಮಾಡುವ ದಾರಿಯಲ್ಲೂ ಹೊಂಡಗಳಿವೆ. ವಿಂಡೋಸ್‌ನ ಕಾಪಿ ಕಮಾಂಡ್ ರೋಬೋಕಾಪಿಯ ‘/ಮಿರ್’ (ಮಿರರ್) ಆಯ್ಕೆ ಕನ್ನಡಿಯಷ್ಟೇ ನಿಷ್ಠುರ: ಮೂಲದಲ್ಲಿ ತಪ್ಪಿ ಅಳಿಸಿದ್ದನ್ನು ಕಾಪಿಯಲ್ಲೂ ಅಳಿಸುತ್ತದೆ. ಮೊದಲು ‘/ಎಲ್’ ಹಾಕಿ ಓಡಿಸಿದರೆ ಏನೇನು ಮಾಡುತ್ತದೆಂದು ಪಟ್ಟಿ ಮಾತ್ರ ಕೊಡುತ್ತದೆ. ಫ್ಲ್ಯಾಕ್ ಫೈಲಿನೊಳಗೆ ಸಾಮಾನ್ಯವಾಗಿ ಧ್ವನಿಯ ಎಂಡಿ5 (ಬೆರಳಚ್ಚಿನಂಥ ಗುರುತು) ಇರುತ್ತದೆ, ‘ಫ್ಲ್ಯಾಕ್ -ಟಿ’ ಕಮಾಂಡ್ ಕೊಟ್ಟರೆ ಕೆಟ್ಟದ್ದು ಗೊತ್ತಾಗುತ್ತದೆ. ಎಂಪಿ3ಗೆ ಆ ಭಾಗ್ಯವಿಲ್ಲ.

ಮೂರನೇ ಕಾಪಿ ಬೇರೆ ಮನೆಯಲ್ಲಿರಬೇಕು, ಬೀರು ಒಂದೇ ಆದರೆ ಕಳ್ಳನಿಗೆ ಅನುಕೂಲ. ಅಕ್ಕನ ಮನೆಗೆ ಕೊಟ್ಟರೆ ದೀಪಾವಳಿಗೆ ಡಿಸ್ಕ್ ವಾಪಸ್ ಬರುತ್ತದೆ: ‘ಜಾಗ ಸಾಲಲಿಲ್ಲ ಕಣೋ, ಸ್ವಲ್ಪ ಹಾಡು ತೆಗೆದು ನಾಮಕರಣದ ವಿಡಿಯೋ ಹಾಕಿದೀವಿ.’ ಹಾಗಾಗಿ ವೆರಾಕ್ರಿಪ್ಟ್ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಹಾಕಿ ಕೊಡಿ. ಪ್ಲಗ್ ಮಾಡಿದಾಗ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಬೇಡ ಎನ್ನಬೇಕು ಅಂತ ಡಿಸ್ಕಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಯಾಕೆಂದರೆ ಅಕ್ಕನ ಮನೆಯಲ್ಲೂ ಭಾವ ಇದ್ದಾರೆ.