ಗಾಜಿಗೆ ಗುಂಡಿಯ ಗುಣ ಬಂದೀತೇ?

ಪ್ರಶ್ನೆ: ಕಾರು, ಒಲೆ, ಲ್ಯಾಪ್‌ಟಾಪ್‌ಗಳಲ್ಲಿ ಯಾಂತ್ರಿಕ ಗುಂಡಿಗಳನ್ನು ತೆಗೆದು, ಒತ್ತಿದ ಬಲವನ್ನು ಅಳೆದು ಕಂಪನದಿಂದ ಉತ್ತರಿಸುವ ಟಚ್ ಪ್ಯಾನೆಲ್ ಕೂರಿಸುವುದು ಸರಿಯೇ?

ಪರ: ಮುಟ್ಟುವುದು ಬೇರೆ, ಒತ್ತುವುದು ಬೇರೆ

ಸಾಮಾನ್ಯ ಟಚ್ ಪ್ಯಾನೆಲ್‌ಗೆ ತಿಳಿಯುವುದು ಒಂದೇ, ಬೆರಳು ಎಲ್ಲಿದೆ ಎಂಬುದು. ಬೆರಳು ಸುಮ್ಮನೆ ತಂಗಿದೆಯೋ, ಬೇಕೆಂದೇ ಒತ್ತಿದೆಯೋ ಅದಕ್ಕೆ ಗೊತ್ತಾಗದು. ಇಂಡಕ್ಷನ್ ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದೊಡನೆ ಒಲೆ ಬೀಪ್ ಎಂದು ಕೂಗಿಕೊಳ್ಳುವುದೂ, ಒದ್ದೆ ಕೈಗೆ ಸ್ಪಂದಿಸದಿರುವುದೂ ಇದರಿಂದಲೇ. ಬೆರಳನ್ನು ಅದರ ವಿದ್ಯುತ್ ಗುಣದಿಂದ ಗುರುತಿಸುವ ಕೆಪ್ಯಾಸಿಟಿವ್ ಸೆನ್ಸರ್‌ನ ಕಣ್ಣಿಗೆ ನೀರೂ ಬೆರಳೂ ಹತ್ತಿರದ ನೆಂಟರು. ಜೊತೆಗೆ ಬಲವನ್ನೂ ಅಳೆದರೆ ಈ ಗೊಂದಲ ಹೋಗುತ್ತದೆ. ಚೆಲ್ಲಿದ ಹಾಲಿನ ಭಾರ ಕೆಲವೇ ಗ್ರಾಂ. ಬೇಕೆಂದು ಒತ್ತಿದ ಬೆರಳಿನದು 150 ಗ್ರಾಂ ತೂಕದಷ್ಟು, ಅಂದರೆ ಸುಮಾರು 1.5 ನ್ಯೂಟನ್.

ಬಲ ಅಳೆದರಷ್ಟೇ ಸಾಲದು. ಬೆರಳಿಗೆ ಉತ್ತರ ಸಿಗದಿದ್ದರೆ ಜನ ಇನ್ನೂ ಗಟ್ಟಿಯಾಗಿ ಒತ್ತುತ್ತಲೇ ಹೋಗುತ್ತಾರೆ. ಅಳತೆ, ಕಂಪನ ಎರಡನ್ನೂ ಕೂಡಿಸಿದರೆ ಏನಾಗುತ್ತದೆ ಎಂಬುದನ್ನು 2015ರಲ್ಲಿ ಆ್ಯಪಲ್‌ನ ಮ್ಯಾಕ್‌ಬುಕ್ ಟ್ರ್ಯಾಕ್‌ಪ್ಯಾಡ್ ತೋರಿಸಿಕೊಟ್ಟಿತು. ನಾಲ್ಕು ಮೂಲೆಗಳಲ್ಲಿ, ತುಸು ಹಿಗ್ಗಿದರೂ ವಿದ್ಯುತ್ ರೋಧ ಬದಲಾಗುವ ಸ್ಟ್ರೇನ್ ಗೇಜ್‌ಗಳು ಬಲವನ್ನು ಅಳೆಯುತ್ತವೆ, ವಿದ್ಯುತ್ಕಾಂತವೊಂದು ಗಾಜನ್ನು ಅಡ್ಡಡ್ಡಲಾಗಿ ತುಸುವೇ ಅಲುಗಿಸುತ್ತದೆ. ಬೆರಳಿಗೆ ಮಾತ್ರ ಗಾಜು ಕೆಳಗಿಳಿದು ಟಕ್ಕೆಂದ ಹಾಗೆ ಅನಿಸುತ್ತದೆ, ಏಕೆಂದರೆ ಕೆಲವೇ ಮಿಲಿಸೆಕೆಂಡ್‌ಗಳ ಮಿಡಿತ ಯಾವ ದಿಕ್ಕಿನದೆಂದು ನಮ್ಮ ಚರ್ಮ ಗುರುತಿಸಲಾರದು. ಲ್ಯಾಪ್‌ಟಾಪ್ ಆಫ್ ಮಾಡಿ ಒತ್ತಿದರೆ ಟ್ರ್ಯಾಕ್‌ಪ್ಯಾಡ್ ಕಲ್ಲಿನಂತೆ ಕೂತಿರುತ್ತದೆ. ಎಷ್ಟೋ ಬಳಕೆದಾರರಿಗೆ ಅಲ್ಲಿ ಗುಂಡಿಯೇ ಇಲ್ಲವೆಂದು ಗೊತ್ತಾಗುವುದು ಆಗಲೇ.

ಇಂಥದನ್ನು ಕಟ್ಟಹೊರಟವರು ಹೆಚ್ಚಾಗಿ ಎಡವುವುದು ಎರಡು ಕಡೆ. ಒಂದು, ವೇಗ. ತೂಕದ ಯಂತ್ರಗಳಿಗೆಂದೇ ಇರುವ ಎಚ್‌ಎಕ್ಸ್711 ಚಿಪ್ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಅದು ತನ್ನ ಒಳಗಿನ ಕ್ಲಾಕ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 80 ಸಲ ಅಳೆಯುತ್ತದೆ, ಅಳತೆ ನೆಲೆಗೊಳ್ಳಲು 50 ಮಿಲಿಸೆಕೆಂಡ್ ಬೇಕು. ಅಷ್ಟು ತಡವಾಗಿ ಬಂದ ಕಂಪನ ಬೆರಳಿಗೆ ಗುಂಡಿ ಎನಿಸುವುದಿಲ್ಲ, ಮೊಬೈಲ್‌ಗೆ ಮೆಸೇಜ್ ಬಂದಂತೆ ಅನಿಸುತ್ತದೆ. ಸೆಕೆಂಡಿಗೆ 1,000 ಸಲ ಅಳೆಯುವ ಎಡಿಸಿ (ಸೆನ್ಸರ್‌ನ ವಿದ್ಯುತ್ ಸಂಕೇತವನ್ನು ಅಂಕಿಗಳಾಗಿಸುವ ಚಿಪ್) ಬಳಸಿ, ಒತ್ತಿಗೂ ಉತ್ತರಕ್ಕೂ ನಡುವಿನ ಅಂತರವನ್ನು 20 ಮಿಲಿಸೆಕೆಂಡ್‌ಗಿಂತ ಕೆಳಗಿಡಬೇಕು.

ಎರಡನೆಯ ತೊಡಕು ಹೆಚ್ಚು ಕಾಡುವಂಥದು. ಕಂಪಿಸುವುದೂ ಬಲ ಅಳೆಯುವುದೂ ಒಂದೇ ಫಲಕ. ಕಂಪನದ ಮೋಟಾರ್ ಮಿಡಿದೊಡನೆ ಬಲದ ಅಳತೆ ಕುಣಿದು, ಒತ್ತಿದರೆಂದು ಎಣಿಸುವ ಮಿತಿಯನ್ನು ಮತ್ತೆ ಮತ್ತೆ ದಾಟಿ, ಒಮ್ಮೆ ಒತ್ತಿದ್ದಕ್ಕೆ ನಾಲ್ಕು ಸಲ ಒತ್ತಿದಂತೆ ದಾಖಲಾಗುತ್ತದೆ. ಒತ್ತುವ ಮಿತಿ 1.5 ನ್ಯೂಟನ್ ಇದ್ದರೆ ಬಿಡುವ ಮಿತಿಯನ್ನು 1 ನ್ಯೂಟನ್‌ಗೆ ಇಳಿಸಿ. ಮಿಡಿತ ನಡೆಯುವ 15-20 ಮಿಲಿಸೆಕೆಂಡ್‌ಗಳ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೋಟಾರನ್ನು ಫಲಕ ಅಡ್ಡಕ್ಕೆ ಅಲುಗುವಂತೆ ಕೂರಿಸಿದರೆ, ಕೆಳಮುಖ ಬಲವನ್ನು ಅಳೆಯುವ ಸೆನ್ಸರ್‌ಗೆ ಅದರ ಕಾಟ ಬಹಳ ಕಡಿಮೆಯಾಗುತ್ತದೆ. ಇನ್ನು ಎಲ್‌ಆರ್‌ಎ ಎಂಬ, ಸ್ಪ್ರಿಂಗಿಗೆ ಕಟ್ಟಿದ ತೂಕವನ್ನು ಹಿಂದೆ ಮುಂದೆ ಆಡಿಸುವ ಕಂಪನ ಮೋಟಾರ್‌ಗಳು 175 ಹರ್ಟ್ಸ್ ಆಸುಪಾಸಿನ ತಮ್ಮ ಸಹಜ ಆವರ್ತನದಲ್ಲಿ ಮಿಡಿಯುತ್ತವೆ, ಕರೆಂಟ್ ನಿಲ್ಲಿಸಿದ ಮೇಲೂ ಗಂಟೆಯಂತೆ ಅನುರಣಿಸುತ್ತವೆ. ಎದುರು ದಿಕ್ಕಿನ ಮಿಡಿತ ಕೊಟ್ಟು ಅದಕ್ಕೆ ಬ್ರೇಕ್ ಹಾಕಬೇಕು. ಡಿಆರ್‌ವಿ2605ಎಲ್‌ನಂಥ ಡ್ರೈವರ್ ಚಿಪ್ ಇದನ್ನು ತಾನೇ ಮಾಡುತ್ತದೆ.

ಇಷ್ಟಾದರೆ ಸಿಗುವ ಲಾಭ ದೊಡ್ಡದು. ನೀರು, ಹಿಟ್ಟು, ಎಣ್ಣೆ ಇಳಿಯಲು ಸಂದಿಯೇ ಇರುವುದಿಲ್ಲ. ಬೆರಳಿನಲ್ಲಿ ಬಲ ಕಡಿಮೆಯಿರುವ ಹಿರಿಯರಿಗೆ ಒತ್ತುವ ಮಿತಿಯನ್ನು ಸಾಫ್ಟ್‌ವೇರ್‌ನಲ್ಲೇ 0.8 ನ್ಯೂಟನ್‌ಗೆ ಇಳಿಸಬಹುದು. ಲೋಹದ ಸ್ಪ್ರಿಂಗ್ ಇರುವ ಯಾವ ಗುಂಡಿಗೂ ಈ ಸೌಲಭ್ಯವಿಲ್ಲ.

ವಿರೋಧ: ಬೆರಳು ಮೊದಲು ಹುಡುಕುತ್ತದೆ

ಟ್ರ್ಯಾಕ್‌ಪ್ಯಾಡ್ ಗೆದ್ದಿತು ಎಂಬುದನ್ನು ಒಪ್ಪೋಣ. ಆದರೆ ಅದು ಗೆದ್ದ ಜಾಗ ಎಂಥದು ನೋಡಿ. ಮೇಜು ಅಲುಗುವುದಿಲ್ಲ, ಕಣ್ಣು ಪರದೆಯ ಕರ್ಸರ್ ಮೇಲಿರುತ್ತದೆ, ಹಾಗಾಗಿ ಬೆರಳು ಯಾವ ಗುಂಡಿಯನ್ನೂ ಹುಡುಕಬೇಕಿಲ್ಲ. ಈ ಅನುಕೂಲಗಳಲ್ಲಿ ಒಂದೂ ಕಾರಿನಲ್ಲಿ ಇಲ್ಲ.

ನಾವು ಬಳಸುವ ಗುಂಡಿ ಎರಡು ಕೆಲಸ ಮಾಡುತ್ತದೆ. ಮೊದಲು 'ಇಲ್ಲಿದ್ದೇನೆ' ಎನ್ನುತ್ತದೆ, ಆಮೇಲೆ 'ಒತ್ತಿದಿರಿ' ಎನ್ನುತ್ತದೆ. ಕಂಪಿಸುವ ಗಾಜಿಗೆ ಎರಡನೆಯ ಮಾತಷ್ಟೇ ಬರುತ್ತದೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರದಲ್ಲಿ ನೀಲಿ ಗುಂಡಿಗಳ ಪಕ್ಕ ಬ್ರೈಲ್ ಅಂಕಿಗಳಿರುತ್ತವೆ. ಕಣ್ಣು ಕಾಣದ ಮತದಾರರು ಅಂಕಿಯನ್ನು ತಡವಿ ನೋಡಿ, ಪಕ್ಕದ ಗುಂಡಿ ಒತ್ತಿ, ಬೀಪ್ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಅದೇ ಜಾಗದಲ್ಲಿ ನುಣುಪಾದ ಗಾಜಿದ್ದರೆ ಮೊದಲ ಹೆಜ್ಜೆಗೇ ಪರರ ನೆರವು ಬೇಕಾಗುತ್ತದೆ.

ರಸ್ತೆಯ ಲೆಕ್ಕ ಮಾಡಿ ನೋಡೋಣ. 200 ಗ್ರಾಂ ತೂಕದ ಗಾಜಿನ ಫಲಕಕ್ಕೆ, ಕಾರು ರಸ್ತೆಯ ಹಳ್ಳಕ್ಕೆ ಬಿದ್ದಾಗ, 1 ಜಿ (ಭೂಮಿಯ ಸೆಳೆತದಷ್ಟು) ಕುಲುಕು ತಗುಲಿದರೆ ಸೆನ್ಸರ್‌ಗಳ ಮೇಲೆ ಬೀಳುವ ಬಲ ಸುಮಾರು 2 ನ್ಯೂಟನ್. ಎದುರಿನವರು ಹೇಳಿದ 1.5ರ ಮಿತಿಯನ್ನು ಅದು ಬೆರಳಿನ ನೆರವಿಲ್ಲದೆಯೇ ದಾಟಿತು. ಕುಲುಕನ್ನು ಅಳೆಯುವ ಆಕ್ಸೆಲೆರೋಮೀಟರ್ ಇಟ್ಟು ಅದನ್ನು ಕಳೆಯಬಹುದು ಎನ್ನುತ್ತಾರೆ. ಫಲಕದ ತೂಕ ಗೊತ್ತಿರುವುದರಿಂದ ಅದರ ಪಾಲನ್ನು ಕಳೆಯಬಹುದು; ಗಾಜಿನ ಮೇಲಿಟ್ಟ ಕೈಯ ತೂಕ ಎಷ್ಟೆಂದು ಯಾವ ಚಿಪ್‌ಗೂ ಗೊತ್ತಿಲ್ಲ. ಕಂಪನದ್ದೂ ಇದೇ ಪಾಡು. ಎಲ್‌ಆರ್‌ಎ ಮೋಟಾರ್‌ನ ಕಂಪನದ ತೀವ್ರತೆಯನ್ನು ತಯಾರಕರ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ 100 ಗ್ರಾಂ ತೂಕದ ಪರೀಕ್ಷಾ ಚೌಕಟ್ಟಿನ (ಜಿಗ್) ಮೇಲೆ ಅಳೆದು ಬರೆದಿರುತ್ತಾರೆ. 200 ಗ್ರಾಂ ಫಲಕಕ್ಕೆ ಅಂಟಿಸಿದರೆ ಮಿಡಿತ ಅರ್ಧಕ್ಕಿಳಿಯುತ್ತದೆ, ಎಂಜಿನ್ ಮತ್ತು ರಸ್ತೆಯ ನಡುಕದಲ್ಲಿ ಆ ಅರ್ಧವೂ ಮುಳುಗಿಹೋಗುತ್ತದೆ.

ಬಿಸಿಲಿನ ಮಾತು ಇನ್ನೂ ಗಂಭೀರ. 350 ಓಮ್‌ನ ಸ್ಟ್ರೇನ್ ಗೇಜ್ 50 ಮೈಕ್ರೋಸ್ಟ್ರೇನ್, ಅಂದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 50 ಪಾಲು, ಹಿಗ್ಗಿದಾಗ ಅದರ ರೋಧ ಬದಲಾಗುವುದು ಬರೀ 0.035 ಓಮ್. 1 ಓಮ್ ರೋಧವಿರುವ ತಾಮ್ರದ ತಂತಿ 9 ಡಿಗ್ರಿ ಬಿಸಿಯಾದರೂ ಅಷ್ಟೇ ಬದಲಾವಣೆ ಆಗುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಎಸಿ ಹಾಕಿದಾಗ ಆಗುವ ಏರಿಳಿತ ಅದರ ಹಲವು ಪಟ್ಟು. ನಾಲ್ಕು ಗೇಜ್‌ಗಳನ್ನು ಒಂದಕ್ಕೊಂದು ಸರಿದೂಗುವಂತೆ ಕೂಡಿಸುವ ಪೂರ್ಣ ಬ್ರಿಡ್ಜ್ ಜೋಡಣೆಯಿಂದ ತಂತಿಯ ದೋಷವನ್ನು ಬಹುಪಾಲು ಸರಿದೂಗಿಸಬಹುದು, ಬೆರಳಿಲ್ಲದಾಗ ಸೊನ್ನೆಯನ್ನು ತಿದ್ದಿಕೊಳ್ಳಲೂಬಹುದು. ಫಲಕದ ಸುತ್ತ ಸಂದಿ ಮುಚ್ಚುವ ರಬ್ಬರ್ ಗ್ಯಾಸ್ಕೆಟ್ ಒಣಗಿ ಗಡಸಾಗುವುದಕ್ಕೆ ಮಾತ್ರ ಇದಾವುದೂ ಮದ್ದಲ್ಲ. ಗಡಸಾದ ಗ್ಯಾಸ್ಕೆಟ್ ಬೆರಳಿನ ಬಲದಲ್ಲಿ ಒಂದು ಪಾಲನ್ನು ತಾನೇ ಹೊತ್ತುಕೊಳ್ಳುತ್ತದೆ. ಸಂದಿಯಿಲ್ಲ ಎಂದು ಹೊಗಳಿಸಿಕೊಂಡ ಫಲಕದ ಒತ್ತುಮಿತಿ ವರ್ಷಗಳು ಕಳೆದಂತೆ ಮೆಲ್ಲಗೆ ಏರುತ್ತಾ ಹೋಗುತ್ತದೆ.

ಸಾಫ್ಟ್‌ವೇರ್ ನಿಂತರೆ ಗುಂಡಿಯೂ ನಿಂತಂತೆ. 2016ರ ಐಫೋನ್ 7ರಲ್ಲಿ ಹೋಮ್ ಗುಂಡಿ ಅಲುಗದ, ಕಂಪಿಸುವ ಮಾದರಿಗೆ ಬದಲಾದಾಗ, ಹ್ಯಾಂಗ್ ಆದ ಫೋನನ್ನು ಮರುಚಾಲನೆ ಮಾಡುವ ಕೆಲಸ ವಾಲ್ಯೂಮ್ ಗುಂಡಿಯ ಪಾಲಿಗೆ ಬಂತು. 2015ರಲ್ಲಿ ಐಫೋನ್ 6ಎಸ್ ಜೊತೆ ಬಂದ, ಪರದೆಯ ಮೇಲಿನ ಬಲ ಅಳೆಯುವ 3ಡಿ ಟಚ್, 2019ರ ಐಫೋನ್ 11ರ ಹೊತ್ತಿಗೆ ಮರೆಯಾಯಿತು. ಅದರ ಜಾಗದಲ್ಲಿ ಉಳಿದದ್ದು ತುಸು ಹೊತ್ತು ಬೆರಳಿಟ್ಟರೆ ಕಂಪಿಸುವ, ಬಲದ ಸೆನ್ಸರ್ ಬೇಡದ ಸರಳ ವಿಧಾನ. ಎಲ್ಲಿ ಜೋರಾಗಿ ಒತ್ತಿದರೆ ಏನು ತೆರೆಯುತ್ತದೆ ಎಂಬುದು ಪರದೆ ನೋಡಿದರೆ ತಿಳಿಯುತ್ತಲೇ ಇರಲಿಲ್ಲ.

ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಸ್ಯಾಪ್ ತನ್ನ 2026ರ ಪರೀಕ್ಷಾ ನಿಯಮಗಳಲ್ಲಿ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ಪ್ರತ್ಯೇಕ ಭೌತಿಕ ನಿಯಂತ್ರಣಗಳಿರಲಿ ಎಂದು ತಯಾರಕರನ್ನು ಒತ್ತಾಯಿಸುತ್ತಿದೆ. ಪಟ್ಟಿ ಸರಿಯಾಗಿಯೇ ಇದೆ. ಈ ಐದೂ ಬೇಕಾಗುವುದು ಕಣ್ಣು ರಸ್ತೆ ಬಿಟ್ಟು ಕದಲಬಾರದ ಹೊತ್ತಿನಲ್ಲಿ, ಬಹಳ ಸಲ ಕಾರು ಕುಲುಕುತ್ತಿರುವಾಗಲೇ.