ಸಾಹೇಬರ ಮಗು ಮತ್ತು ಬೀಗದ ಕೈ

ಮೇ ತಿಂಗಳ ಕೊನೆಯ ವಾರ ಮೈಸೂರು ಸೀಮೆಯ ಸರ್ಕಾರಿ ಶಾಲೆಗಳ ಬಾಗಿಲಿಗೆ ಮಾವಿನ ತೋರಣ ಬೀಳುತ್ತದೆ. ಶಾಲಾ ಪ್ರಾರಂಭೋತ್ಸವದ ದಿನ ಮಕ್ಕಳ ಕೈಗೆ ಹೂವು ಕೊಟ್ಟು, ಬಿಸಿಯೂಟದ ಜೊತೆಗೆ ಸಿಹಿ ಮಾಡಿಸಿ, ಎಲ್ಲರೂ ಸಾಹೇಬರ ಜೀಪಿನ ದಾರಿ ಕಾಯುತ್ತಾರೆ. ಬಂದ ಸಾಹೇಬರು ಪೋಷಕರನ್ನು ಉದ್ದೇಶಿಸಿ, ಖಾಸಗಿ ಶಾಲೆಯ ವ್ಯಾಮೋಹ ಬಿಡಬೇಕೆಂದೂ, ನಮ್ಮಲ್ಲಿ ಪುಸ್ತಕ, ಸಮವಸ್ತ್ರ, ಹಾಲು, ಊಟ ಎಲ್ಲವೂ ಉಚಿತವೆಂದೂ, ಸ್ಪರ್ಧೆಯಲ್ಲಿ ಗೆದ್ದು ಬಂದ ತರಬೇತಿ ಪಡೆದ ಶಿಕ್ಷಕರು ನಮ್ಮಲ್ಲಿರುವಷ್ಟು ಬೇರೆಲ್ಲೂ ಇಲ್ಲವೆಂದೂ ಹೇಳುತ್ತಾರೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಚಪ್ಪಾಳೆ ಮುಗಿಯುವಷ್ಟರಲ್ಲಿ ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಾರೆ. ರಿಂಗ್ ರಸ್ತೆಯಾಚೆಯ ಶಾಲೆಯೊಂದು ಬಿಡುವ ಹೊತ್ತಾಗಿರುತ್ತದೆ, ಸಾಹೇಬರ ಮಗಳನ್ನು ಮನೆಗೆ ಕರೆತರಬೇಕಾದದ್ದು ಇದೇ ಜೀಪು.

ಇದನ್ನು ಆಷಾಢಭೂತಿತನವೆಂದು ಹಳಿಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಇದರ ಹಿಂದೆ ಆಡಳಿತದ ಗಂಭೀರವಾದ ಕಾರಣವೊಂದಿದೆಯೆಂಬುದು ನನ್ನ ಅಭಿಪ್ರಾಯ.

ಸರ್ಕಾರಿ ಶಾಲೆಯೊಂದರ ಸ್ಥಿತಿಗತಿಯನ್ನು ತಿಳಿಯಲು ಇಲಾಖೆಯು ಸಿಆರ್‌ಪಿ, ಬಿಆರ್‌ಪಿ, ಬಿಇಒ, ಡಿಡಿಪಿಐ ಎಂಬ, ಶಾಲೆಗಳ ಗುಂಪಿನಿಂದ ಜಿಲ್ಲೆಯವರೆಗಿನ ಮೇಲ್ವಿಚಾರಕರ ಏಣಿಯನ್ನೇ ನಿಲ್ಲಿಸಿದೆ. ಸಾಲದ್ದಕ್ಕೆ ಪ್ರತಿ ವರ್ಷ ಶಾಲೆಯ ಅಂಕಿಅಂಶ ಕೇಳುವ ಯು-ಡೈಸ್ ನಮೂನೆ ತುಂಬಬೇಕು. ಶೌಚಾಲಯ ಇದೆಯೇ? ಇದೆ. ನೀರಿನ ಸೌಲಭ್ಯ ಇದೆಯೇ? ಇದೆ. ಈ 'ಇದೆ'ಗಳು ಏಣಿಯ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಬೆಂಗಳೂರು ತಲುಪುವಷ್ಟರಲ್ಲಿ ಶೇಕಡಾವಾರು ಸಾಧನೆಯಾಗಿರುತ್ತವೆ. ಈಗ ಊಹಿಸಿಕೊಳ್ಳಿ, ಸಾಹೇಬರ ಏಳು ವರ್ಷದ ಮಗಳು ಅದೇ ಶಾಲೆಗೆ ಹೋಗಿ ಸಂಜೆ ಮನೆಗೆ ಬಂದು, "ಅಪ್ಪಾ, ಶೌಚಾಲಯ ಇದೆ, ಅದಕ್ಕೆ ಬೀಗವೂ ಇದೆ, ಬೀಗದ ಕೈ ಹೆಡ್‌ ಮಿಸ್ ಬ್ಯಾಗಿನಲ್ಲಿದೆ, ಹೆಡ್‌ ಮಿಸ್ ಮೀಟಿಂಗಿಗೆ ಹೋಗಿದ್ದಾರೆ" ಎಂದು ಹೇಳಿದರೆ, ಅಂಥ ಮಾಹಿತಿಯನ್ನು ತುಂಬಲು ಯಾವ ನಮೂನೆಯಲ್ಲಿ ಕಾಲಂ ಇದೆ? ಪ್ರಯಾಣ ಭತ್ಯೆ ಕೇಳದ, ಊಟದ ತಟ್ಟೆಯ ಮುಂದೆಯೇ ವರದಿ ಒಪ್ಪಿಸುವ, ವರ್ಗಾವಣೆ ಮಾಡಲಾಗದ ಇನ್‌ಸ್ಪೆಕ್ಟರನ್ನು ಯಾವ ಬುದ್ಧಿವಂತ ಅಧಿಕಾರಿ ತಾನೇ ತನ್ನ ಮನೆಯಲ್ಲಿ ಇಟ್ಟುಕೊಂಡಾನು? ಆದ್ದರಿಂದ ಆ ಮಗುವನ್ನು ಶುಲ್ಕ ಕೊಟ್ಟಾದರೂ ದೂರ ಇಡಲಾಗುತ್ತದೆ.

ಅಲಹಾಬಾದ್ ಹೈಕೋರ್ಟಿಗೆ ಈ ಸೂಕ್ಷ್ಮ ತಿಳಿಯಲಿಲ್ಲ. 2015ರ ಆಗಸ್ಟಿನಲ್ಲಿ ಅದು, ಸರ್ಕಾರದಿಂದ ಸಂಬಳ ಪಡೆಯುವವರು, ಜನಪ್ರತಿನಿಧಿಗಳು, ನ್ಯಾಯಾಧೀಶರು ಎಲ್ಲರೂ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳುಹಿಸುವಂತೆ ನೋಡಿಕೊಳ್ಳಬೇಕೆಂದೂ, ತಪ್ಪಿದವರು ಖಾಸಗಿ ಶಾಲೆಗೆ ಕಟ್ಟುವಷ್ಟೇ ಹಣವನ್ನು ಸರ್ಕಾರಕ್ಕೂ ಕಟ್ಟುವಂತಾಗಬೇಕೆಂದೂ ಆದೇಶಿಸಿ, ಆರು ತಿಂಗಳಲ್ಲಿ ವರದಿ ಒಪ್ಪಿಸಲು ಉತ್ತರ ಪ್ರದೇಶದ ಮುಖ್ಯ ಕಾರ್ಯದರ್ಶಿಗೆ ಹೇಳಿತು. ಆ ಆರು ತಿಂಗಳು ಅಲ್ಲಿನ ಕ್ಯಾಲೆಂಡರಿನಲ್ಲಿ ಇನ್ನೂ ಮುಗಿದಂತೆ ಕಾಣುವುದಿಲ್ಲ.

ನಮ್ಮ ರಾಜ್ಯ ಹೆಚ್ಚು ಜಾಣತನದ್ದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳ ಶೇ. 25ರಷ್ಟು ಸೀಟುಗಳು ಬಡವರ ಮತ್ತು ಹಿಂದುಳಿದವರ ಮಕ್ಕಳಿಗೆ ಸಲ್ಲಬೇಕಾಗಿತ್ತು. 2019ರಿಂದ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲವೆಂದಾಯಿತು. ಕರ್ನಾಟಕ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಮನೆಯ ಪಕ್ಕದಲ್ಲೇ ಒಳ್ಳೆಯ ಸರ್ಕಾರಿ ಶಾಲೆಯಿರುವಾಗ ಬಡವನ ಮಗುವಿಗಾಗಿ ಖಾಸಗಿಯವರಿಗೆ ಸರ್ಕಾರ ಹಣ ಕೊಡುವುದೇಕೆ ಎಂಬ ವಾದ ತರ್ಕಬದ್ಧವಾಗಿಯೇ ಇದೆ. ವಿಚಿತ್ರವೆಂದರೆ, ಬಡವನ ಮನೆಯಿಂದ ಅಷ್ಟು ಸ್ಪಷ್ಟವಾಗಿ ಕಾಣುವ ಈ ಶಾಲೆ ಅದೇ ಬೀದಿಯ ಅಧಿಕಾರಿಯ ಮನೆಯ ಕಿಟಕಿಗೆ ಕಾಣುವುದಿಲ್ಲ. ಸರ್ಕಾರಿ ಹಣ ಖಾಸಗಿ ಶಾಲೆಗೆ ಹೋಗಬಾರದೆಂಬುದೂ ಎಲ್ಲರಿಗೂ ಅನ್ವಯಿಸುವ ತತ್ತ್ವವಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಏಳನೆಯ ವೇತನ ಆಯೋಗದ ನಂತರ ಮಗುವೊಂದಕ್ಕೆ ತಿಂಗಳಿಗೆ 2,250 ರೂಪಾಯಿ ಶಿಕ್ಷಣ ಭತ್ಯೆ ನಿಗದಿಯಾಗಿ, ಮುಂದೆ ಅದು ಏರಿತು. ಮಗು ಖಾಸಗಿ ಶಾಲೆಯಲ್ಲಿದ್ದರೂ ಈ ಭತ್ಯೆಗೆ ಅಡ್ಡಿಯಿಲ್ಲ.

ಮೈಸೂರು ಜಿಲ್ಲೆಯವರಾದ ನಾವು ಒಂದು ವಿಷಯಕ್ಕೆ ಹೆಮ್ಮೆಪಡಬೇಕು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ, ಮಕ್ಕಳು ಕಾರ್ಡುಗಳನ್ನು ಹಿಡಿದು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುವ 'ನಲಿ ಕಲಿ' ಹುಟ್ಟಿ, ಮುಂದೆ ಇಡೀ ರಾಜ್ಯಕ್ಕೆ ಹರಡಿತು. ಅದನ್ನು ಹರಡುವುದಕ್ಕಾಗಿ ಎಷ್ಟು ಅಧಿಕಾರಿಗಳು ಎಷ್ಟು ಕಾರ್ಯಾಗಾರಗಳಲ್ಲಿ ಎಷ್ಟು ಭಾಷಣ ಮಾಡಿರಬೇಕು! ಅಷ್ಟೆಲ್ಲ ಮಾಡಿ ಮನೆಗೆ ಮರಳಿದ ಮೇಲೆ ಅವರು ತಮ್ಮ ಮಕ್ಕಳನ್ನು ಟೈ ಕಟ್ಟಿಸಿ, ಸಾಲು ಬೆಂಚಿನ ಮೇಲೆ ಕೂರಿಸಿ, ಬಾಯಿಪಾಠ ಮಾಡಿಸುವ ಶಾಲೆಗೆ ಸೇರಿಸಿದರು. ನಲಿಯುವುದು ಉಚಿತವಾದ್ದರಿಂದ ಅದರ ಬೆಲೆ ಅವರಿಗೆ ತಿಳಿಯಲಿಲ್ಲವೇನೋ.

ಬರಿಯ ದೊಡ್ಡ ಸಾಹೇಬರನ್ನೇ ಅಂದರೆ ಅನ್ಯಾಯವಾದೀತು. ದಾಖಲಾತಿ ಆಂದೋಲನದ ಹೊತ್ತಿನಲ್ಲಿ ಮದ್ದೂರಿನ ಕಡೆಯ ಹಳ್ಳಿಯೊಂದರಲ್ಲಿ ಮನೆ ಮನೆಗೆ ಹೋಗುತ್ತಿದ್ದ ಮೇಷ್ಟ್ರೊಬ್ಬರನ್ನು, ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದ ತಾಯಿಯೊಬ್ಬಳು, "ಅದ್ಸರಿ ಮೇಷ್ಟ್ರೇ, ನಿಮ್ ಮಗೀನೂ ಇಲ್ಗೇ ಸೇರ್ಸಿದ್ದೀರಾ?" ಎಂದು ಕೇಳಿದಳು. ಮೇಷ್ಟ್ರು ಮಂಡ್ಯದಲ್ಲಿ ಮನೆ ಮಾಡಿರುವುದಾಗಿಯೂ, ಅಲ್ಲಿಂದ ಮಗುವಿಗೆ ಬಸ್ಸು ಸರಿಯಾಗುವುದಿಲ್ಲವೆಂದೂ ವಿವರಿಸಿದರು. ಆಕೆ ತಲೆಯಾಡಿಸಿ, ಮೊರ ಕೊಡವಿ, ತನ್ನ ಮಗನಿಗೆ ಮಾತ್ರ ಬಸ್ಸು ಮನೆ ಬಾಗಿಲಿಗೇ ಬರುತ್ತದೆಂದಳು. ಹಳದಿ ಬಣ್ಣದ್ದು, ಇಂಗ್ಲಿಷ್ ಹೆಸರಿನದ್ದು.

ಅಧಿಕಾರಿಗಳ ಕುಟುಂಬಗಳು ಸರ್ಕಾರಿ ಶಾಲೆಗೆ ಕಾಲಿಡುವುದೇ ಇಲ್ಲವೆಂದೂ ಹೇಳಲಾಗದು. 2024ರ ಏಪ್ರಿಲ್ 26ರಂದು ಮೈಸೂರಿನಲ್ಲೂ ಮಂಡ್ಯದಲ್ಲೂ ಲೋಕಸಭೆಗೆ ಮತದಾನ ನಡೆದಾಗ ಅವರೂ ಎಲ್ಲರಂತೆ ಸಾಲಿನಲ್ಲಿ ನಿಂತಿದ್ದರು. ಮತಗಟ್ಟೆಯೆಂದ ಮೇಲೆ ಕುಡಿಯುವ ನೀರು, ದೀಪ, ಇಳಿಜಾರು ದಾರಿ, ಶೌಚಾಲಯ ಇರಲೇಬೇಕೆಂಬುದು ಚುನಾವಣಾ ಆಯೋಗದ ಕಟ್ಟುನಿಟ್ಟು. ಹಾಗಾಗಿ ಬೀಗದ ಕೈ ಹುಡುಕಿಸಿ ತರಿಸಲಾಗಿತ್ತು, ಡ್ರಮ್ಮಿನಲ್ಲಿ ನೀರು ತುಂಬಿಸಲಾಗಿತ್ತು. ಅಂದು ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಸಿಗೆ ರಜೆ. ಮತದಾನ ಮುಗಿದ ಮೇಲೆ ಮತಯಂತ್ರಗಳ ಜೊತೆಗೆ ಡ್ರಮ್ಮೂ ಹೋಯಿತು. ಬೀಗ ತನ್ನ ಜಾಗಕ್ಕೆ ಮರಳಿತು.