ನಮ್ಮೂರಿನ ‘ಬಿ’ ನೆಲಮಾಳಿಗೆ

ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದ ನಿಧಿಯ ನೆಲಮಾಳಿಗೆಗಳನ್ನು 2011ರಲ್ಲಿ ತೆರೆಸಿದ್ದು ಸುಪ್ರೀಂ ಕೋರ್ಟ್. ಆದರೆ ಸಿಕ್ಕಿದ್ದನ್ನು ಎಣಿಸುವ ಹೊಣೆಯನ್ನು ಉಡುಪಿ ಪಕ್ಕದ ನಮ್ಮೂರಿನ ಗೂಡಂಗಡಿ ತಾನಾಗಿ ಹೊತ್ತುಕೊಂಡಿತು. ಒಂದು ಲಕ್ಷ ಕೋಟಿ ರೂಪಾಯಿ ಎಂಬ ಅಂದಾಜು ಪತ್ರಿಕೆಯಲ್ಲಿ ಬಂದದ್ದೇ ತಡ, ನಮ್ಮ ದೇವಸ್ಥಾನ ಸಮಿತಿಯ ಕೋಶಾಧಿಕಾರಿಗಳು ಅದನ್ನು ದೇಶದ 121 ಕೋಟಿ ಜನರಿಗೆ ಭಾಗಿಸಿ, ತಲೆಗೆ 826 ರೂಪಾಯಿ ಎಂದು ಘೋಷಿಸಿದರು. ಐದು ಜನರ ಮನೆಗೆ 4,130. ಸೊಸೆಯ ಹೊಟ್ಟೆಯಲ್ಲಿರುವ ಕೂಸಿಗೂ ಪಾಲು ಉಂಟೋ ಎಂಬಲ್ಲಿ ಚರ್ಚೆ ಬಿಸಿಯೇರಿ, ಎರಡು ಲೋಟ ಚಹಾ ತಣ್ಣಗಾಯಿತು. 1906ರಲ್ಲೇ ಎರಡು ಬ್ಯಾಂಕುಗಳನ್ನು ಹೆತ್ತ ಕರಾವಳಿ ನಮ್ಮದು. ಕಂಡವರ ದುಡ್ಡಿಗೂ ಬಡ್ಡಿ ಲೆಕ್ಕ ಹಾಕದಿದ್ದರೆ ನಿದ್ರೆ ಬರುವುದಿಲ್ಲ.

ಪದ್ಮನಾಭನ ಮೂಲಸ್ಥಾನ ನಮ್ಮದೇ ತುಳುನಾಡಿನ ಕುಂಬಳೆಯ ಅನಂತಪುರ ಎಂಬ ನಂಬಿಕೆಯೂ ಇದೆಯಲ್ಲ. “ಹಾಗಾದರೆ ಅಸಲು ನಮ್ಮದೇ ಅಲ್ಲವೇ ಮಾರಾಯರೇ?” ಎಂದರು ಕೋಶಾಧಿಕಾರಿಗಳು. ಅಲ್ಲಿನ ದೇವಸ್ಥಾನದ ಕೆರೆಯಲ್ಲಿ ನೈವೇದ್ಯದ ಅನ್ನ ತಿಂದುಕೊಂಡೇ ಇದ್ದು 2022ರಲ್ಲಿ ತೀರಿಹೋದ ಮೊಸಳೆ ಬಬಿಯಾ ಕೂಡ ಇಂತಹ ಹಕ್ಕು ಸಾಧಿಸಿರಲಿಲ್ಲ.

ತಿರುವಾಂಕೂರಿನ ಅರಸರು ಗುಡಿಯಿಂದ ಹೊರಡುವಾಗ ಪಾದಕ್ಕಂಟಿದ ಮರಳನ್ನೂ ಕೊಡವಿಕೊಳ್ಳುತ್ತಿದ್ದರಂತೆ, ದೇವರ ಸೊತ್ತು ಮನೆಗೆ ಬರಬಾರದೆಂದು. ನಮ್ಮಲ್ಲಿ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಭಕ್ತರು ಹೊರೆಕಾಣಿಕೆಯಾಗಿ ಕೊಟ್ಟ ತೆಂಗಿನಕಾಯಿಗಳು ಯಾರ ಪಾದಕ್ಕಂಟಿಕೊಂಡು ಹೋದವೋ ತಿಳಿಯದು.

ಅಲ್ಲಿ ಇನ್ನೂ ತೆರೆಯದ ‘ಬಿ’ ನೆಲಮಾಳಿಗೆಯ ತೀರ್ಮಾನವನ್ನು 2020ರ ತೀರ್ಪು ಸಮಿತಿಗಳಿಗೇ ಬಿಟ್ಟಿತು. ಸಮಿತಿಗೆ ಬಿಟ್ಟ ಬಾಗಿಲು ಹೇಗಿರುತ್ತದೆಂದು ನಮ್ಮನ್ನು ಕೇಳಿ. ಬ್ರಹ್ಮಕಲಶ ಮುಗಿದು ಮೂರು ಮಳೆಗಾಲ ಕಳೆದಿವೆ. ರಶೀದಿ ಪುಸ್ತಕಗಳೆಲ್ಲ ದೇವಸ್ಥಾನದ ಕಚೇರಿಯ ಕಬ್ಬಿಣದ ಕಪಾಟಿನಲ್ಲಿವೆ: ಹಸಿರು ಬಣ್ಣ, ಎಡ ಬಾಗಿಲಿನ ಬುಡಕ್ಕೆ ತುಕ್ಕು, ಮೇಲೆ ಉಳಿದುಹೋದ ಆಮಂತ್ರಣ ಪತ್ರಿಕೆಗಳ ಕಟ್ಟು. ಕೀಲಿಕೈ ಅಧ್ಯಕ್ಷರಲ್ಲಿದೆ ಎನ್ನುತ್ತಾರೆ ಕೋಶಾಧಿಕಾರಿಗಳು. ಅಧ್ಯಕ್ಷರನ್ನು ಕೇಳಿದರೆ ಕಾರ್ಯದರ್ಶಿಗಳತ್ತ ಕೈ ತೋರಿಸುತ್ತಾರೆ. ಕಾರ್ಯದರ್ಶಿಗಳು ಮುಂಬೈಯಲ್ಲಿದ್ದಾರೆ.

ಕಳೆದ ಮಹಾಸಭೆಯಲ್ಲಿ ನಾನು ಬೀಗ ಒಡೆಸೋಣವೇ ಎಂದೆ. ಸಭೆ ಗಕ್ಕನೆ ಮೌನವಾಯಿತು. 826 ರೂಪಾಯಿಯನ್ನು ಪೈಸೆ ಬಿಡದೆ ಭಾಗಿಸಿದ್ದ ಕೋಶಾಧಿಕಾರಿಗಳೇ ಎದ್ದು ನಿಂತು, “ಅವಸರ ಬೇಡ. ತಿರುವನಂತಪುರದಲ್ಲೂ ಜ್ಯೋತಿಷಿಗಳು ಇಟ್ಟ ದೇವಪ್ರಶ್ನೆಯಲ್ಲಿ ‘ಬಿ’ ತೆರೆಯಬಾರದೆಂದೇ ಕಂಡುಬಂದದ್ದಲ್ಲವೇ? ನಾವೂ ಒಂದು ಪ್ರಶ್ನೆ ಇಟ್ಟು ನೋಡೋಣ” ಎಂದರು. ಪ್ರಶ್ನೆಯ ಖರ್ಚಿಗೆ ಮನೆಗೆ ಐನೂರರಂತೆ ವಸೂಲಿಗೆ ಹೊಸ ರಶೀದಿ ಪುಸ್ತಕ ಅಚ್ಚಾಗಿದೆ.

ಮೊನ್ನೆ ಸಂಕ್ರಮಣಕ್ಕೆ ಹೋದಾಗ ನೋಡಿದೆ. ಕಪಾಟಿನ ಬೀಗಕ್ಕೆ ಯಾರೋ ಅರಸಿನ ಕುಂಕುಮ ಹಚ್ಚಿದ್ದಾರೆ. ಕೋಶಾಧಿಕಾರಿಗಳು ಅದರ ಮುಂದೆ ಹಾದು ಹೋಗುವಾಗ ಚಪ್ಪಲಿ ಕಳಚುತ್ತಾರೆ.